ಶಕ್ತಿನಗರದ ಕಲ್ಲಿದ್ದಲು, ನಕ್ಷತ್ರದ ಇಂಗಾಲ

ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿಯುತ್ತದೆ ಅಂದರೆ ಇಂಗಾಲ ಆಮ್ಲಜನಕದ ಜೊತೆ ಕೂಡುತ್ತಿದೆ ಅಂತ. ಎರಡೂ ನಕ್ಷತ್ರಗಳ ಒಡಲಲ್ಲಿ ಬೆಂದು ಬಂದವು. ಅಲ್ಲಿ ಎರಡು ಹೀಲಿಯಂ ಕೂಡಿ ಆಗುವ ಬೆರಿಲಿಯಂ-8 ಸೆಕೆಂಡಿನ ಕೋಟಿಕೋಟಿಯಲ್ಲೊಂದು ಪಾಲೂ ನಿಲ್ಲದೆ ಒಡೆಯುತ್ತದೆ. ಅಷ್ಟರೊಳಗೆ ಮೂರನೇ ಹೀಲಿಯಂ ಬಂದು ತಾಗಬೇಕು, ಆಗಲೇ ಇಂಗಾಲ. ಹಾಗಿದ್ದೂ ಇಷ್ಟೊಂದು ಇಂಗಾಲ ಇದೆಯೆಂದರೆ ಅದರ ನ್ಯೂಕ್ಲಿಯಸ್‌ಗೆ ತಕ್ಕ ಜಾಗದಲ್ಲೊಂದು ಶಕ್ತಿಮಟ್ಟ (ನ್ಯೂಕ್ಲಿಯಸ್ ತಾಳಬಲ್ಲ ನಿಗದಿತ ಶಕ್ತಿ) ಇರಲೇಬೇಕು ಎಂದು ಬ್ರಿಟಿಷ್ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ 1953ರಲ್ಲಿ ಪಟ್ಟು ಹಿಡಿದರು. ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯವರು ಹುಡುಕಿದರು, ಸಿಕ್ಕಿತು: ಸುಮಾರು 7.65 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್.

ನನಗೆ ಇದಕ್ಕಿಂತ ಬೆರಗು ಆಮ್ಲಜನಕದ್ದು. ಅದೇ ಮಾನದಲ್ಲಿ ಅದರ ಒಂದು ಮಟ್ಟ 7.12, ಇಂಗಾಲ-ಹೀಲಿಯಂ ಕೂಡಿ ಆಮ್ಲಜನಕವಾಗುವ ಶಕ್ತಿಯ ಗಡಿ 7.16. ಆ ಮಟ್ಟ ಗಡಿಯಿಂದ ಸ್ವಲ್ಪ ಮೇಲಿದ್ದಿದ್ದರೆ ಹುಟ್ಟಿದ ಇಂಗಾಲ ಬಹುಪಾಲು ಆಮ್ಲಜನಕವಾಗಿಬಿಡುತ್ತಿತ್ತು.

ಈ ಹೊಂದಾಣಿಕೆ ಹೇಗೆ ಬಂತು? ಪ್ರಕೃತಿಯ ನಿಯತಾಂಕಗಳು (ಬಲಗಳ ಪ್ರಮಾಣದಂಥ ಮೂಲ ಸಂಖ್ಯೆಗಳು) ಬೇರೆಬೇರೆ ಇರುವ ಅಸಂಖ್ಯ ವಿಶ್ವಗಳಿದ್ದರೆ, ಇದನ್ನೆಲ್ಲ ಕೇಳುವವರು ಹುಟ್ಟುವುದು ಇಂಥದ್ದರಲ್ಲೇ ಅನ್ನುವುದು ಬಹುವಿಶ್ವದ ವಾದ. ತರ್ಕ ಗಟ್ಟಿಯಾಗಿದೆ, ಬೇರೆ ವಿಶ್ವ ಇದೆಯೆಂದು ತೋರಿಸಿದ ಅಳತೆ ಮಾತ್ರ ಒಂದೂ ಇಲ್ಲ. ಈ ಅಂಕಿಗಳು ಸ್ವಲ್ಪ ತಪ್ಪಿದ್ದರೂ ನಾವಿರುತ್ತಿರಲಿಲ್ಲ, ಇದು ‘ಕೂದಲೆಳೆ ಹೊಂದಾಣಿಕೆ’ ಅನ್ನುವಾಗಲೂ ಸ್ವಲ್ಪ ತಡೆದು ನೋಡಬೇಕು. ಇಂಗಾಲದ ಆ 7.65ರ ಮಟ್ಟ 0.06ರಷ್ಟು ಮೇಲೆ ಸರಿದರೂ ಇಂಗಾಲ ಅಷ್ಟೇನೂ ಕಮ್ಮಿಯಾಗದು ಎಂದು 1989ರಲ್ಲೇ ನಕ್ಷತ್ರಗಳ ಲೆಕ್ಕ ಹಾಕಿ ತೋರಿಸಿದ್ದಾರೆ.