ಜಾಸ್ತಿ ಬಿಸಿ ತಡೆದದ್ದು ಕಮ್ಮಿ ಬಿಸಿಗೆ ಬಿರಿಯಿತು

ನಮ್ಮ ಲ್ಯಾಬಿಗೆ ಹೊಸದಾಗಿ ಸೇರುವವರು ಮೊದಲು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಮೇಡಂ, ಮ್ಯಾಕ್ಸಿಮಮ್ ಎಷ್ಟು ಬಿಸಿಯಾಗುತ್ತೆ?" ಅಷ್ಟು ಬಿಸಿಗೆ ಪಾಸಾದರೆ ಮುಗೀತು, ಅದಕ್ಕಿಂತ ಕಮ್ಮಿ ಇದ್ದರೆ ತಾನಾಗೇ ಪಾಸು ಅನ್ನುವ ಲೆಕ್ಕ. ಬಾಹ್ಯಾಕಾಶದಿಂದ ವಾಪಸ್ ಬರುವ ನೌಕೆಗಳ ವಿಷಯದಲ್ಲಿ ಈ ಲೆಕ್ಕ ಯಾಕೆ ಸಾಲಲ್ಲ ಅಂತ ಹೇಳಲು ನನಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ.

ನನ್ನ ಕೆಲಸ ಶಾಕ್ ಟನಲ್‌ನಲ್ಲಿ. ನೌಕೆಯ ಪುಟ್ಟ ಮಾಡೆಲ್ ಮೇಲೆ ಶಬ್ದಕ್ಕಿಂತ ಹಲವು ಪಟ್ಟು ವೇಗದ ಗಾಳಿ ಹಾಯಿಸಿ, ಮೈಯ ಯಾವ ಜಾಗಕ್ಕೆ ಎಷ್ಟು ಶಾಖ ಬೀಳುತ್ತದೆ ಅಂತ ಅಳೆಯುತ್ತೇವೆ.

ಭೂಮಿಯ ಹತ್ತಿರದ ಕಕ್ಷೆಯಲ್ಲಿರುವ ನೌಕೆ ಸೆಕೆಂಡಿಗೆ ಸುಮಾರು 7.8 ಕಿ.ಮೀ. ಓಡುತ್ತಿರುತ್ತದೆ. ಆ ವೇಗದಲ್ಲಿ ಅದರ ಒಂದೊಂದು ಕಿಲೋ ತೂಕದಲ್ಲೂ ಸುಮಾರು 30 ಮೆಗಾಜೂಲ್ ಶಕ್ತಿ ಇರುತ್ತದೆ. ಒಂದು ಕಿಲೋ ತಣ್ಣೀರನ್ನು ಕುದಿಸಿ ಪೂರ್ತಿ ಆವಿ ಮಾಡಲು 2.6 ಮೆಗಾಜೂಲ್ ಸಾಕು. ನೆಲ ಮುಟ್ಟುವ ಹೊತ್ತಿಗೆ ಆ 30 ಎಲ್ಲಾದರೂ ಹೋಗಲೇಬೇಕು. ನೌಕೆಯೊಳಗೇ ಇಳಿದರೆ ಯಾವ ಲೋಹವೂ ಉಳಿಯಲ್ಲ. ಹಾಗಾಗಿ ಅದರ ಬಹುಪಾಲನ್ನು ಗಾಳಿಗೆ ದಾಟಿಸಬೇಕು.

ಗಾಳಿಗೆ ಉಜ್ಜಿ ನೌಕೆ ಬಿಸಿಯಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಸುಳ್ಳೇನಲ್ಲ, ಆದರೆ ದೊಡ್ಡ ಪಾಲು ಅದರದ್ದಲ್ಲ. ಮುಂದಿರುವ ಗಾಳಿಗೆ ಪಕ್ಕಕ್ಕೆ ಸರಿಯಲು ಪುರುಸೊತ್ತೇ ಸಿಗುವುದಿಲ್ಲ. ಅದು ಒತ್ತಿಕೊಂಡು ಸಾವಿರಾರು ಡಿಗ್ರಿಗೆ ಕಾಯುತ್ತದೆ. ಇದೇ ಆಘಾತದ ಅಲೆ, ನಮ್ಮ ಮಾತಲ್ಲಿ ಶಾಕ್. ಮೂಗು ಚೂಪಾಗಿದ್ದರೆ ಶಾಕ್ ಮೈಗೆ ಅಂಟಿಕೊಂಡೇ ಬರುತ್ತದೆ. ಮೊಂಡಾಗಿದ್ದರೆ ಸ್ವಲ್ಪ ದೂರ ನಿಲ್ಲುತ್ತದೆ, ಕಾದ ಗಾಳಿಯ ಹೆಚ್ಚಿನ ಪಾಲು ಮೈ ಮುಟ್ಟದೆ ಪಕ್ಕದಿಂದ ಹರಿದು ಹೋಗುತ್ತದೆ. 1950ರ ದಶಕದ ಶುರುವಿನಲ್ಲಿ ಅಮೆರಿಕದ ಏಮ್ಸ್ ಪ್ರಯೋಗಾಲಯದಲ್ಲಿ ಜೂಲಿಯನ್ ಅಲೆನ್ ಮತ್ತು ಆಲ್ಫ್ರೆಡ್ ಎಗ್ಗರ್ಸ್ ಇದನ್ನು ತೋರಿಸಿದರು. ಅಲ್ಲಿಯವರೆಗೆ ವೇಗ ಅಂದರೆ ಚೂಪು ಅಂತಲೇ ಎಲ್ಲರ ನಂಬಿಕೆ. ಮೂಗಿನ ದುಂಡಗಿನ ತ್ರಿಜ್ಯ 4 ಪಟ್ಟಾದರೆ ಅದರ ತುದಿಗೆ ಬೀಳುವ ಶಾಖ ಸುಮಾರು ಅರ್ಧವಾಗುತ್ತದೆ.

ಇದನ್ನು ಅಳೆಯುವ ನಮ್ಮ ಸೆನ್ಸರ್ ನೋಡಿದರೆ ನಿಮಗೆ ನಗು ಬರಬಹುದು. ಬಿಳಿ ಸೆರಾಮಿಕ್ ಪಟ್ಟಿ, ಅದರ ಮೇಲೆ ಬ್ರಷ್‌ನಲ್ಲಿ ಎಳೆದ ಪ್ಲಾಟಿನಂ ಬಣ್ಣದ ಸಣ್ಣ ಗೆರೆ. ಫರ್ನೇಸ್‌ನಲ್ಲಿಟ್ಟು ಸುಟ್ಟರೆ ಅದೇ ತೆಳು ಪದರವಾಗಿ ಕೂರುತ್ತದೆ. ಬಿಸಿ ತಾಕಿದರೆ ಅದರ ರೆಸಿಸ್ಟೆನ್ಸ್ ಬದಲಾಗುತ್ತದೆ, ಅದನ್ನೇ ಓದುತ್ತೇವೆ. ಶಾಟ್ ಕೊಡುವ ದಿನ ಉದ್ದನೆಯ ಪೈಪಿನ ಒಂದು ಕಡೆ ಹೀಲಿಯಂ ತುಂಬುತ್ತಾ ಹೋಗುತ್ತೇವೆ. ನಡುವೆ ಗೀರು ಹಾಕಿದ ಅಲ್ಯೂಮಿನಿಯಂ ಡಯಾಫ್ರಮ್ ಇರುತ್ತದೆ. ಒತ್ತಡ ಮಿತಿ ಮೀರಿದಾಗ ಅದು 'ಢಂ' ಅಂತ ಹರಿಯುತ್ತದೆ. ಬೆಳಗಿನಿಂದ ತಯಾರಿ ಮಾಡಿದ್ದರ ಫಲ ಅಷ್ಟರಲ್ಲಿ ಬಂದು ಮುಗಿದಿರುತ್ತದೆ: ಸುಮಾರು ಒಂದು ಮಿಲಿಸೆಕೆಂಡಿನ ಗಾಳಿ. ಆಮೇಲೆ ಸ್ಕ್ರೀನಿನ ಮೇಲಿನ ಗೆರೆ ನೋಡುತ್ತಾ ಕೂರುವುದು.

ಈ ಒಂದು ಮಿಲಿಸೆಕೆಂಡಿನಿಂದ ಗೊತ್ತಾಗುವುದು ಆ ಕ್ಷಣದಲ್ಲಿ ಬೀಳುವ ಶಾಖದ ದರ. ಒಟ್ಟು ಎಷ್ಟು ಶಾಖ ಒಳಗೆ ಸೇರಿತು ಅನ್ನುವುದು ಬೇರೆಯೇ ಲೆಕ್ಕ, ಅದು ಇಳಿಯುವ ದಾರಿಯ ಮೇಲೆ ನಿಂತಿದೆ. ಕಡಿದಾಗಿ ಬಂದರೆ ಬಿಸಿ ತೀವ್ರ, ಆದರೆ ಬೇಗ ಮುಗಿಯುತ್ತದೆ. ಒಳಗಿರುವವರ ಎದೆಯ ಮೇಲೆ ಭಾರ ಮಾತ್ರ ವಿಪರೀತ. 2008ರ ಏಪ್ರಿಲ್‌ನಲ್ಲಿ ರಷ್ಯಾದ ಒಂದು ಸೋಯುಜ್ ನೌಕೆ ಮಾಮೂಲಿ ದಾರಿ ಬಿಟ್ಟು ಹೀಗೆ ಇಳಿದಾಗ ಒಳಗಿದ್ದ ಮೂವರಿಗೆ ಸುಮಾರು 8 ಜಿ, ಅಂದರೆ ತಮ್ಮ ತೂಕದ ಎಂಟು ಪಟ್ಟು ಭಾರ ಬಿದ್ದಿತ್ತು. ಓರೆಯಾಗಿ, ನಿಧಾನವಾಗಿ ಬಂದರೆ ದರ ಕಮ್ಮಿ, ಆದರೆ ಬಿಸಿ ಬೀಳುವ ಹೊತ್ತು ಜಾಸ್ತಿ. ಶಾಖಕ್ಕೆ ಒಳಗೆ ಇಳಿಯಲು ಸಮಯ ಸಿಗುತ್ತದೆ. ಅಮೆರಿಕದ ಶಟಲ್‌ನ ಅಲ್ಯೂಮಿನಿಯಂ ಮೈ ಸುಮಾರು 175 ಡಿಗ್ರಿ ಸೆಲ್ಸಿಯಸ್ ದಾಟಬಾರದಿತ್ತು. ಅದರ ಮೇಲೆ ಹೊದಿಸಿದ್ದ ಶಾಖ ತಡೆಯುವ ಟೈಲ್ಸ್ ನುಂಗಿದ ಶಾಖ ಮೆಲ್ಲಗೆ ಒಳಗಿಳಿಯುತ್ತಿದ್ದುದರಿಂದ, ರನ್‌ವೇ ಮೇಲೆ ನಿಂತಾದ ಮೇಲೂ ಆ ಮೈ ಬಿಸಿಯಾಗುತ್ತಲೇ ಇರುತ್ತಿತ್ತು.

2007ರ ಜನವರಿ 22ರಂದು ಬಂಗಾಳ ಕೊಲ್ಲಿಗೆ ಇಳಿದ ಇಸ್ರೋದ ಎಸ್‌ಆರ್‌ಇ-1 ನೌಕೆಯಲ್ಲಿ ಎರಡು ಬಗೆಯ ರಕ್ಷಣೆ ಇತ್ತು. ಜಾಸ್ತಿ ಬಿಸಿ ಬೀಳುವ ಮೂಗಿಗೆ ಸುಟ್ಟು ಸವೆಯುವ ಕಾರ್ಬನ್ ಫಿನಾಲಿಕ್, ಉಳಿದ ಮೈಗೆ ಸಿಲಿಕಾ ಟೈಲ್ಸ್. 550 ಕಿಲೋ ತೂಕದ ನೌಕೆ ಅದು. ನನಗೆ ಬಹಳ ಇಷ್ಟವಾದ ವಿನ್ಯಾಸ.

ಸುಟ್ಟು ಸವೆಯುವ ಇಂಥ ಪದರವೇ ನಾಸಾದ ಚಂದ್ರಯಾನ ಆರ್ಟೆಮಿಸ್-1ರಲ್ಲಿ ಕೈಕೊಟ್ಟದ್ದು. 2022ರ ಡಿಸೆಂಬರ್ 11ರಂದು ನಾಸಾದ ಒರಾಯನ್ ನೌಕೆ ಚಂದ್ರನ ಕಡೆಯಿಂದ ಸೆಕೆಂಡಿಗೆ ಸುಮಾರು 11 ಕಿ.ಮೀ. ವೇಗದಲ್ಲಿ ಬಂದು ಸುರಕ್ಷಿತವಾಗಿ ಪೆಸಿಫಿಕ್ ಸಾಗರಕ್ಕೆ ಬಿತ್ತು. ಜನ ಇರಲಿಲ್ಲ, ಇದ್ದಿದ್ದರೂ ಏನೂ ಆಗುತ್ತಿರಲಿಲ್ಲ. ಆದರೆ ಶಾಖ ತಡೆಯುವ ಶೀಲ್ಡ್ ನೋಡಿದರೆ, ಸಮನಾಗಿ ಸವೆಯಬೇಕಿದ್ದ ಅವ್‌ಕೋಟ್ ಪದರ ನೂರಕ್ಕೂ ಹೆಚ್ಚು ಕಡೆ ಚೂರು ಚೂರಾಗಿ ಎದ್ದು ಹೋಗಿತ್ತು.

ಕಾರಣ ಹುಡುಕಲು ಎರಡು ವರ್ಷ ಹಿಡಿಯಿತು. ಅವ್‌ಕೋಟ್ ಸುಡುವಾಗ ಒಳಗೆ ಗ್ಯಾಸ್ ಹುಟ್ಟುತ್ತದೆ. ಮೇಲಿನ ಪದರ ಚೆನ್ನಾಗಿ ಇದ್ದಿಲಾದರೆ ಅದರಲ್ಲಿ ಸಣ್ಣ ಸಣ್ಣ ರಂಧ್ರಗಳಾಗಿ ಗ್ಯಾಸ್ ಹೊರಗೆ ಹೋಗುತ್ತದೆ. ಒರಾಯನ್ ನೇರವಾಗಿ ಇಳಿಯಲಿಲ್ಲ. ಒಮ್ಮೆ ವಾತಾವರಣಕ್ಕೆ ಮುಳುಗಿ, ಮೇಲೆದ್ದು, ಮತ್ತೆ ಇಳಿಯಿತು. ನಡುವಿನ ಆ ಹೊತ್ತಿನಲ್ಲಿ ಹೊರಗಿನ ಬಿಸಿ ತಗ್ಗಿ, ಇದ್ದಿಲಾಗುವುದು ನಿಧಾನವಾಯಿತು. ಒಳಗೆ ಸೇರಿದ್ದ ಶಾಖ ಮಾತ್ರ ಗ್ಯಾಸ್ ಹುಟ್ಟಿಸುತ್ತಲೇ ಇತ್ತು. ಹೊರಗೆ ಹೋಗಲು ದಾರಿ ಸಾಲದೆ ಒತ್ತಡ ಕೂಡಿ ಪದರ ಬಿರಿಯಿತು. ಹಾರಾಟಕ್ಕೆ ಮುಂಚೆ ನೆಲದ ಮೇಲಿನ ಟೆಸ್ಟ್‌ಗಳಲ್ಲಿ ಇದಕ್ಕಿಂತ ಹೆಚ್ಚಿನ ಶಾಖ ಕೊಟ್ಟಿದ್ದರು. ಆ ಬಿಸಿಗೆ ಇದ್ದಿಲು ಸರಿಯಾಗಿ ಆಗಿ, ಗ್ಯಾಸ್ ಸಲೀಸಾಗಿ ಹೊರಬಿದ್ದು, ಎಲ್ಲ ಪಾಸ್!

ಹೊಸಬರಿಗೆ ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು ಸೇರಿಸುತ್ತೇನೆ. ಇದು ನಮ್ಮ ಟನಲ್‌ನಲ್ಲಿ ಗೊತ್ತೇ ಆಗುತ್ತಿರಲಿಲ್ಲ. ಒಂದು ಮಿಲಿಸೆಕೆಂಡಿನಲ್ಲಿ ಏನು ಇದ್ದಿಲಾದೀತು? ಬಹಳ ಹೊತ್ತು ಶಾಖ ಕೊಡುವ ಆರ್ಕ್ ಜೆಟ್ ಯಂತ್ರವೇ ಬೇಕು, ಅದರಲ್ಲೂ ಬಿಸಿಯನ್ನು ಏರಿಸಿ, ಇಳಿಸಿ, ಮತ್ತೆ ಏರಿಸಬೇಕು. ಆರ್ಟೆಮಿಸ್-2ಕ್ಕೆ ನಾಸಾ ಶೀಲ್ಡ್ ಬದಲಿಸುವ ಬದಲು ಇಳಿಯುವ ದಾರಿಯನ್ನೇ ತಿದ್ದಲು ತೀರ್ಮಾನಿಸಿತು. ಆ ನಡುವಿನ ಹೊತ್ತನ್ನು ಮೊಟಕು ಮಾಡುವುದು ಅದರ ಉದ್ದೇಶ.

ಈಗ ಟೆಸ್ಟ್ ಪ್ಲ್ಯಾನ್ ಬರೆಯಲು ಕೂತಾಗ ನಾನು ಮ್ಯಾಕ್ಸಿಮಮ್ ಸಾಲಿನ ಕೆಳಗೆ ಇನ್ನೆರಡು ಸಾಲು ಬರೆಸುತ್ತೇನೆ. ಶಾಖ ಅತಿ ಕಮ್ಮಿ ಇರುವುದು ಯಾವಾಗ, ಅತಿ ಹೆಚ್ಚು ಹೊತ್ತು ಇರುವುದು ಯಾವಾಗ. ಖರ್ಚಿನ ಲೆಕ್ಕ ನೋಡುವವರಿಗೆ ಇದು ಇಷ್ಟವಾಗಲ್ಲ. "ಕಮ್ಮಿ ಬಿಸಿಗೂ ಟೆಸ್ಟ್ ಯಾಕೆ?" ಅಂತ ಕೇಳುತ್ತಾರೆ. ಆಗ ಒರಾಯನ್ ಶೀಲ್ಡಿನ ಫೋಟೋ ಮುಂದಿಟ್ಟರೆ ಮಾತು ಬೇಗ ಮುಗಿಯುತ್ತದೆ.