ಸಮುದ್ರದ ಮೇಲೆ ರಸಮಟ್ಟ

ಎರಡು ವಾರದಿಂದ ರಾತ್ರಿ ಊಟ ಆದ ಮೇಲೆ ಹಳೇ ವಿಮಾನಗಳ ಕಥೆ ಓದುತ್ತಿದ್ದೇನೆ. ಮನೆ ಗೋವಾದ ವಾಸ್ಕೋದಲ್ಲಿ. ದಾಬೋಳಿ ನಿಲ್ದಾಣಕ್ಕೆ ಇಳಿಯುವ ವಿಮಾನದ ಸದ್ದು ಚಿಕ್ಕಂದಿನಿಂದ ಎಷ್ಟು ಒಗ್ಗಿಹೋಗಿದೆ ಅಂದರೆ, ತಲೆ ಎತ್ತಿ ನೋಡುವುದನ್ನೂ ಬಿಟ್ಟಿದ್ದೆ.

ಸಾಗರ ದಾಟಿದವರು ಅಂದರೆ ಎಲ್ಲರ ಬಾಯಲ್ಲೂ ಲಿಂಡ್‌ಬರ್ಗ್. 1927ರಲ್ಲಿ ನ್ಯೂಯಾರ್ಕ್‌ನಿಂದ ಪ್ಯಾರಿಸ್‌ಗೆ ಒಬ್ಬನೇ, 33 ಗಂಟೆಗೂ ಜಾಸ್ತಿ. ದೊಡ್ಡ ಸಾಹಸವೇ, ಇಲ್ಲ ಅನ್ನಲ್ಲ. ಆದರೆ ಸ್ವಲ್ಪ ದಾರಿ ತಪ್ಪಿದರೂ ಮುಂದೆ ಯುರೋಪ್ ಅನ್ನುವಷ್ಟು ದೊಡ್ಡ ನೆಲ ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತಿತ್ತು, ಅಲ್ವಾ? ನನಗೆ ಹಿಡಿಸಿದ್ದು ಅದಕ್ಕೂ ಐದು ವರ್ಷ ಮುಂಚೆ ಹೊರಟ ಇಬ್ಬರು ಪೋರ್ಚುಗೀಸರು. (ಗೋವಾ ಆಗ ಅವರ ಕೈಯಲ್ಲೇ ಇತ್ತು. ಆದರೂ ಇಲ್ಲಿ ಇವರ ಹೆಸರು ನಾನು ಒಮ್ಮೆಯೂ ಕೇಳಿರಲಿಲ್ಲ.) ವಿಮಾನ ನಡೆಸಿದವನು ಸಕಡೂರಾ ಕಬ್ರಾಲ್. ಹಿಂದೆ ಕೂತು ದಾರಿ ಲೆಕ್ಕ ಹಾಕಿದವನು ಗಾಗೊ ಕೌಟಿನ್ಯೊ, ಆಗ ವಯಸ್ಸು 53.

1922ರ ಮಾರ್ಚ್ 30ಕ್ಕೆ ಲಿಸ್ಬನ್ ಬಿಟ್ಟರು, ಹೋಗಬೇಕಾದ್ದು ಬ್ರೆಜಿಲ್‌ಗೆ. ಮಧ್ಯೆ ಆಫ್ರಿಕಾ ಪಕ್ಕದ ಕೇಪ್ ವರ್ಡ್‌ನಿಂದ ಸುಮಾರು 1,700 ಕಿ.ಮೀ. ಬರೀ ನೀರು, ಆಮೇಲೆ ಸೇಂಟ್ ಪೀಟರ್ ಸೇಂಟ್ ಪಾಲ್ ಅನ್ನುವ ನಾಲ್ಕಾರು ಬಂಡೆ. ಅದು ಸಿಗದಿದ್ದರೆ ಕಥೆ ಮುಗಿಯಿತು.

ತಾವೆಲ್ಲಿದ್ದೇವೆ ಅಂತ ತಿಳಿಯಲು ಆಗ ಹಡಗಿನವರು ಸೆಕ್ಸ್‌ಟಂಟ್ ಅನ್ನುವ ಸಾಧನ ಹಿಡಿದು, ನೀರು ಆಕಾಶ ಸೇರುವ ಗೆರೆಯಿಂದ ಸೂರ್ಯ ಎಷ್ಟು ಮೇಲಿದ್ದಾನೆ ಅಂತ ಅಳೆಯುತ್ತಿದ್ದರು. ಮೇಲೆ ಹಾರುವವನಿಗೆ ಮೋಡ, ಮಂಜು, ಬಿಸಿಲ ಮಬ್ಬಿನಲ್ಲಿ ಆ ಗೆರೆಯೇ ಕಾಣದಿದ್ದರೆ? ಏಪ್ರಿಲ್ ಮಧ್ಯಾಹ್ನ ಬೋಗ್ಮಾಳೊ ದಂಡೆಯಲ್ಲಿ ನಿಂತು ನೋಡಿ, ಸಮುದ್ರ ಎಲ್ಲಿ ಮುಗಿಯಿತು ಗೊತ್ತೇ ಆಗಲ್ಲ. ಕೌಟಿನ್ಯೊ ಏನು ಮಾಡಿದ ಅಂದರೆ ಸೆಕ್ಸ್‌ಟಂಟ್‌ಗೇ ಒಂದು ರಸಮಟ್ಟ (ಮಟ್ಟ ನೋಡುವ ಗುಳ್ಳೆಯ ನಳಿಗೆ) ಕೂರಿಸಿದ. ಗುಳ್ಳೆ ಮಧ್ಯಕ್ಕೆ ಬಂತೋ, ಅದೇ ಗೆರೆ.

ಇದನ್ನು ಓದಿ ಎದ್ದು ಕೂತೆ. ನಮ್ಮಪ್ಪ ಗೌಂಡಿ. ಗದಗ ಕಡೆಯಿಂದ ಬಂದು ವಾಸ್ಕೋದಲ್ಲಿ ಅರ್ಧ ಆಯುಷ್ಯ ಗೋಡೆ ಕಟ್ಟಿದವರು. ಅವರ ರಸಮಟ್ಟದ ಮರ ಅಂಗೈ ಉಜ್ಜಿ ಉಜ್ಜಿ ಕಪ್ಪಾಗಿದೆ, ಒಂದು ತುದಿಗೆ ಒಣಗಿದ ಸಿಮೆಂಟ್ ಇನ್ನೂ ಅಂಟಿದೆ, ಒಳಗಿನ ಹಸಿರು ಗುಳ್ಳೆ ಮಾತ್ರ ಹೊಸದರಂತೆ ಓಡಾಡುತ್ತದೆ.

ಬೆಳಿಗ್ಗೆ ಚಹಾ ಕುಡಿಯುವಾಗ ಅಪ್ಪನಿಗೆ ಕಥೆ ಪೂರ್ತಿ ಹೇಳಿದೆ. ಪೆಟ್ರೋಲ್ ತಳ ಕಂಡಾಗ ಸರಿಯಾಗಿ ಬಂಡೆ ಸಿಕ್ಕಿದ್ದು, ನೀರಿಗೆ ಇಳಿಯುವಾಗ ವಿಮಾನ ಹಾಳಾಗಿ ಮುಳುಗಿದ್ದು, ಎರಡನೇ ವಿಮಾನದ ಎಂಜಿನ್ ಕೆಟ್ಟು ಗಂಟೆಗಟ್ಟಲೆ ನೀರಲ್ಲಿ ತೇಲಿದ್ದು, ಕೊನೆಗೆ ಮೂರನೆಯದರಲ್ಲಿ ಜೂನ್ 17ಕ್ಕೆ ರಿಯೊ ಮುಟ್ಟಿದ್ದು.

"ಅಲ್ಲೋ ತಮ್ಮಾ, ಅಷ್ಟ್ ಬರೋಬರಿ ಹೋದವ್ರು ಬಂಡಿ ಹತ್ರ ಯಾಕ ಮುಳುಗಿದ್ರು?"

ತೇಲಲು ಕೆಳಗೆ ಕಟ್ಟಿದ್ದ ದೋಣಿಯಂಥ ಕಾಲು ಅಲೆಗೆ ಮುರಿಯಿತಂತೆ ಅಂದೆ.

"ಹಂಗಾರ ತಪ್ಪು ಗುಳ್ಳಿದಲ್ಲ ಬಿಡು" ಅಂದು ರಸಮಟ್ಟ ಚೀಲಕ್ಕೆ ಹಾಕಿಕೊಂಡು ಕೆಲಸಕ್ಕೆ ಹೊರಟರು.