ಸಿಮೆಂಟ್ ಮೆತ್ತಿ ಕೆಡಿಸಿದ ಗೋಡೆ

ಹನ್ನೆರಡು ವರ್ಷ ಸಿವಿಲ್ ಕಂಟ್ರಾಕ್ಟ್ ಮಾಡಿದ ಮೇಲೂ ಈ ತಪ್ಪು ಮಾಡಿದೆ. ಅದಕ್ಕೇ ಬರೆಯುತ್ತಿದ್ದೇನೆ.

ತರೀಕೆರೆ ತಾಲ್ಲೂಕಿನಲ್ಲಿ, ಕೆಮ್ಮಣ್ಣುಗುಂಡಿ ಬೆಟ್ಟದ ಬುಡದ ಒಂದು ಊರು. 1923ರಲ್ಲಿ ಶುರುವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಈ ಬೆಟ್ಟದಿಂದ. ರೋಪ್‌ವೇ ಮೇಲೆ ತಣಿಗೆಬೈಲಿಗೆ ಇಳಿಯುತ್ತಿತ್ತು. ಗಣಿ ನಿಂತುಹೋಗಿದೆ, ಆ ಕಾಲದ ಅಂಗಡಿ ಸಾಲು ಉಳಿದಿದೆ. ಐದು ಅಂಗಡಿ, ಒಂದೇ ಹೆಂಚಿನ ಮಾಡು, ಮುಂದೆ ಉದ್ದಕ್ಕೂ ಜಗಲಿ. ಬಾಗಿಲು ಅಂದ್ರೆ ಉದ್ದುದ್ದ ಹಲಗೆಗಳು. ಒಂದೊಂದರ ಮೇಲೂ ೧, ೨, ೩ ಅಂತ ಉಳಿಯಲ್ಲಿ ಕೆತ್ತಿದ್ದಾರೆ. ಕ್ರಮ ತಪ್ಪಿದರೆ ಕೊನೆಯ ಹಲಗೆ ಕೂರುವುದಿಲ್ಲ, ಬೀಗವೂ ಬೀಳುವುದಿಲ್ಲ. ಬಟವಾಡೆ ದಿನ ರಾತ್ರಿ ಎಷ್ಟೊತ್ತಾದರೂ ಹಲಗೆ ಹಾಕ್ತಿರಲಿಲ್ಲವಂತೆ. ಇದು ಮಾಲೀಕರ ತಂದೆ ಕಾಲದ ಮಾತು.

ಮೊದಲ ಅಂಗಡಿಯ ಗೋಡೆಯಲ್ಲಿ ಮೊಣಕಾಲೆತ್ತರ ತೇವವಿತ್ತು. ಹಳೇ ಸುಣ್ಣದ ಗಾರೆ ಪೂರ್ತಿ ಕೆತ್ತಿಸಿ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆ. ಮೇಲೆ ವಾಟರ್‌ಪ್ರೂಫ್ ಪೇಂಟ್. ನೋಡೋಕೆ ಚೆನ್ನಾಗೇ ಇತ್ತು, ಬಿಲ್ಲೂ ಪಾಸಾಯ್ತು.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತೇವ ಎದೆಮಟ್ಟಕ್ಕೆ ಏರಿತ್ತು. ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು. ಅಂಚು ಹಿಡಿದು ಎಳೆದೆ, ಪ್ಲಾಸ್ಟರ್ ಚಪ್ಪಡಿಯ ಹಾಗೆ ಕಳಚಿ ಕೈಗೆ ಬಂತು. ಹಿಂದಿದ್ದ ಮಣ್ಣು ಕಲಸಿದ ರಾಗಿಹಿಟ್ಟಿನಂತಾಗಿತ್ತು.

ಪಕ್ಕದ ಊರಿನ ವಯಸ್ಸಾದ ಗಾರೆ ಮೇಸ್ತ್ರಿಯನ್ನು ಕರೆಸಿದೆ. ಅವರು ಗೋಡೆ ಮುಟ್ಟಿ ನೋಡಿ, "ಪ್ಲಾಸ್ಟಿಕ್ ಕೊಪ್ಪೆ ಹಾಕ್ಕೊಂಡು ನಾಟಿ ಮಾಡಿದ್ರೆ ಒಳಗೆ ಬೆವರಲ್ಲೇ ನೆನೀತೀವಿ, ಅಲ್ವಾ ಸಾರ್? ಗೋಡೆಗೂ ಅದನ್ನೇ ತೊಡಿಸಿದೀರಿ" ಅಂದರು.

ಕಲ್ಲು, ಮಣ್ಣಿನ ಗೋಡೆ ನೆಲದಿಂದ ನೀರು ಹೀರುತ್ತದೆ. ಸುಣ್ಣದ ಗಾರೆಯಾದರೆ ಅದು ಆರಿ ಹೊರಹೋಗುತ್ತದೆ. ಸಿಮೆಂಟ್ ದಾರಿ ಕಟ್ಟಿದರೆ ನೀರು ಮೇಲಕ್ಕೆ ಹತ್ತುತ್ತದೆ. ಪುಸ್ತಕದಲ್ಲಿ ಓದಿದ್ದೆ, ಸೈಟಿನಲ್ಲಿ ಮರೆತೆ.

ಆಮೇಲೆ ಅವರು ತೋರಿಸಿದ್ದು ಗೋಡೆಯನ್ನಲ್ಲ, ರಸ್ತೆಯನ್ನು. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಹೆಚ್ಚುಕಡಿಮೆ ಜಗಲಿ ಮಟ್ಟಕ್ಕೆ ಬಂದಿತ್ತು. ಮಳೆನೀರೆಲ್ಲ ಗೋಡೆ ಬುಡಕ್ಕೇ. ನಾನು ದಿನಾ ಬೈಕ್ ನಿಲ್ಲಿಸುತ್ತಿದ್ದ ಜಾಗ ಅದು!

ಎರಡನೇ ಅಂಗಡಿಗೆ ಮೊದಲು ಚರಂಡಿ ತೆಗೆಸಿದೆವು. ಸುಣ್ಣವನ್ನು ಗುಂಡಿಯಲ್ಲಿ ತಿಂಗಳುಗಟ್ಟಲೆ ನೆನೆಹಾಕಿ, ದೀಪಾವಳಿ ಕಳೆದ ಮೇಲೆ ಕೆಲಸ ಹಿಡಿದೆವು. ಒಂದು ಪಾಲು ಸುಣ್ಣ, ಮೂರು ಪಾಲು ಮರಳು, ಜೊತೆಗೆ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು. ಗಾಳಿ ತಾಗಿ ತಾಗಿ ಗಟ್ಟಿಯಾಗುವ ವಸ್ತು, ಅವಸರ ಮಾಡುವ ಹಾಗಿಲ್ಲ. ಕೂಲಿ ಜಾಸ್ತಿಯೇ ಆಯಿತು.

ಮೊದಲ ಅಂಗಡಿಯ ಸಿಮೆಂಟನ್ನು ನನ್ನ ಖರ್ಚಲ್ಲೇ ಕೆತ್ತಿಸಿದೆ. ಗಾರೆ ಇನ್ನೂ ಹಾಕಿಲ್ಲ. ಒಂದು ಬೇಸಿಗೆ ಸುಮ್ನೆ ಬಿಡಿ, ಒಣಗಲಿ ಅಂದಿದ್ದಾರೆ ಮೇಸ್ತ್ರಿ. ವ್ಯಾಪಾರ ಇಲ್ಲದಿದ್ದರೂ ಮಾಲೀಕರು ದಿನಾ ಬೆಳಿಗ್ಗೆ ಹಲಗೆಗಳನ್ನು ಒಂದೊಂದಾಗಿ ತೆಗೆದು ಜಗಲಿಗೆ ಒರಗಿಸುತ್ತಾರೆ, ಒಳಗೆ ಗಾಳಿಯಾಡಲಿ ಅಂತ.